ಹೆಸರು ಹೇಳದೆ ಮಾಡಿದ ಪ್ರಾರ್ಥನೆ

ಹೋದ ತಿಂಗಳು ನಾನು ಒಬ್ಬರ ಸಂಸಾರಕ್ಕೆ ಬೆಂಕಿ ಹಚ್ಚಿದೆ. ಮಂಡಿಯೂರಿ, ಕೈಜೋಡಿಸಿ, ಕಣ್ಣು ಮುಚ್ಚಿಕೊಂಡೇ ಹಚ್ಚಿದೆ. ಸುತ್ತ ಕೂತಿದ್ದವರೆಲ್ಲ ಗಟ್ಟಿಯಾಗಿ ‘ಆಮೆನ್’ ಅಂದರು.

ಗಾಬರಿಯಾಗಬೇಡಿ. ಹೇಳುತ್ತೇನೆ.

ವಾರ ವಾರ ನನ್ನನ್ನು ಸಹಿಸಿಕೊಳ್ಳುವ ನಿಮಗೆ ಗೊತ್ತೇ ಇದೆ, ನಾನು ಹುಣಸೂರಿನ ಮಿಷನ್ ಸ್ಕೂಲಿನ ಮೇಷ್ಟ್ರು. ನಮ್ಮ ಕ್ರೈಸ್ತ ಸಭೆ ಚಿಕ್ಕದು. ಪ್ರತಿ ಬುಧವಾರ ಸರದಿಯ ಪ್ರಕಾರ ಒಂದೊಂದು ಮನೆಯಲ್ಲಿ ಪ್ರೇಯರ್ ಮೀಟಿಂಗ್. ಒಂದು ಹಾಡು, ಒಂದು ಪಾಠ, ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥನೆ, ಕೊನೆಗೆ ಬೆಲ್ಲದ ಕಾಫಿ. ಯುದ್ಧ ಶುರುವಾಗಿ ಸೀಮೆಎಣ್ಣೆಗೆ ಪರದಾಟ ಬಂದಮೇಲೆ ಐದು ಗಂಟೆಗೇ ಸೇರಿ ಬೆಳಕಿರುವಾಗಲೇ ಮುಗಿಸುತ್ತೇವೆ. ನಾನು ಪ್ರಾರ್ಥಿಸುವ ದಿನ ಮಾತ್ರ ದೀಪ ಹಚ್ಚಲೇಬೇಕಾಗುತ್ತದೆ ಎಂದು ನಮ್ಮ ಮನೆಯವಳ ಆರೋಪ.

ಸುಳ್ಳಲ್ಲ. ನನ್ನ ಪ್ರಾರ್ಥನೆಗೆ ಹೆಸರಿದೆ. ಪಿರಿಯಾಪಟ್ಟಣದವರೂ ಹೇಳಿಕಳಿಸುತ್ತಾರೆ. ಮಹಾರಾಜರಿಂದ ಹಿಡಿದು ಹನಗೋಡಿನ ನಾಲೆಯವರೆಗೆ ಯಾರನ್ನೂ, ಯಾವುದನ್ನೂ ನಾನು ಬಿಡುವುದಿಲ್ಲ.

ನಮ್ಮ ಸಭೆಯಲ್ಲಿ ದೇವದಾಸ ಅಂತ ಒಬ್ಬ ಟೈಲರ್ ಇದ್ದಾನೆ. ಕೆಲಸದಲ್ಲಿ ಅಚ್ಚುಕಟ್ಟು. ಆದರೆ ಸಂಜೆಯಾದರೆ ಹೆಂಡದಂಗಡಿ. ಅವನ ಹೆಂಡತಿ ಸುಗುಣ ಚೊಚ್ಚಲ ಹೆರಿಗೆಗೆ ಕೃಷ್ಣರಾಜನಗರದ ತವರಿಗೆ ಹೋಗಿದ್ದಳು. ಒಂದು ದಿನ ಸ್ಕೂಲು ಬಿಟ್ಟ ಮೇಲೆ ದೇವದಾಸ ಬಂದು ಹೊಂಗೆಮರದ ಕೆಳಗೆ ನಿಂತುಕೊಂಡ. ಅಲ್ಲಿ ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದ ದಿನದಿಂದ, ಇಪ್ಪತ್ತು ದಿನವಾಯಿತು, ಒಂದು ತೊಟ್ಟೂ ಮುಟ್ಟಿಲ್ಲ ಅಂದ. ಸಂಜೆಯ ಹೊತ್ತಿಗೆ ಕೈ ನಡುಗುತ್ತದಂತೆ, ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲವಂತೆ. ಹೆಂಡತಿಯ ತವರಿನವರು ಕಟ್ಟುನಿಟ್ಟಿನ ಜನ. ಅವರಿಗೆ ಇವನ ಕುಡಿತ ಗೊತ್ತಿಲ್ಲ. ಗೊತ್ತಾದರೆ ತಾಯಿಮಗುವನ್ನು ಕಳಿಸುವುದಿಲ್ಲ ಎಂಬ ಭಯ ಅವನಿಗೆ.

“ನಂಗೋಸ್ಕರ ಪ್ರಾರ್ಥನೆ ಮಾಡಿ ಮೇಷ್ಟ್ರೆ. ಆದ್ರೆ ಯಾರ್ಗೂ ಏಳ್ಬ್ಯಾಡಿ.”

ಹೇಳುವುದಿಲ್ಲ ಅಂದೆ. ಮನಸ್ಸಿಟ್ಟೇ ಅಂದೆ.

ಬುಧವಾರ ಬಂತು. ಮಹಾರಾಜರು ಮುಗಿದರು, ನಾಲೆ ಮುಗಿಯಿತು, ಯುದ್ಧವೂ ಮುಗಿಯಿತು. ಜನ ‘ಆಮೆನ್, ಆಮೆನ್’ ಅನ್ನುತ್ತಿದ್ದರು. ಆ ಹುರುಪಿನಲ್ಲಿ ನನಗೆ ದೇವದಾಸನ ನೆನಪಾಯಿತು. “ಪ್ರಭುವೇ, ನಮ್ಮ ಒಬ್ಬ ಸಹೋದರ ಮದ್ಯದ ಸೆರೆಯಲ್ಲಿದ್ದಾನೆ. ಅವನ ಹೆಸರು ಹೇಳಲಾರೆ, ನೀನೇ ಬಲ್ಲೆ. ಅವನ ಹೊಲಿಗೆ ಮೆಷಿನ್ನನ್ನೂ ನೀನು ಬಲ್ಲೆ.”

ನಮ್ಮ ಇಡೀ ಸಭೆಯಲ್ಲಿ ಹೊಲಿಗೆ ಮೆಷಿನ್ನು ಇರುವುದು ಒಂದೇ ಮನೆಯಲ್ಲಿ.

ಆಮೆನ್ ಎಂದು ಕಣ್ಣು ಬಿಟ್ಟರೆ ಬಾಗಿಲಲ್ಲಿ ದೇವದಾಸ ನಿಂತಿದ್ದ. ಅವನ ಪಕ್ಕದಲ್ಲಿ ಛತ್ರಿ ಹಿಡಿದ ಒಬ್ಬ ಹೊಸಬರು. (ನಾನು ಕಣ್ಣು ಮುಚ್ಚಿದ್ದಾಗ ಬಂದವರು. ಭಕ್ತಿಯ ಫಲ ನೋಡಿ.) ಅವರು ಸುಗುಣಳ ಅಣ್ಣ. ತಂಗಿಯನ್ನು ಕಳಿಸಿಕೊಡಲು ದಿನ ಗೊತ್ತುಮಾಡಿಕೊಂಡು ಹೋಗೋಣ ಅಂತ ಆಗತಾನೇ ಬಸ್ಸಿಳಿದಿದ್ದರು. ಕಾಫಿಯನ್ನೂ ಕುಡಿಯಲಿಲ್ಲ. ಛತ್ರದಲ್ಲಿ ಮಲಗಿದ್ದು ಬೆಳಗಿನ ಬಸ್ಸಿಗೆ ಹೊರಟುಹೋದರು. ಹೋಗುವಾಗ ದೇವದಾಸನಿಗೆ ಹೇಳಿದ್ದು ಒಂದೇ ಮಾತು, ತಂಗಿ ಸದ್ಯಕ್ಕೆ ಬರುವುದಿಲ್ಲ ಅಂತ.

ಮಾರನೆಯ ದಿನ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿಯ ಸಾಹೇಬರು ನನ್ನನ್ನು ಕರೆದರು. ದೇವದಾಸನಿಗೆ ಹೊಲಿಗೆ ಕೆಲಸ ಕೊಡುವವರು ಅವರೇ. ನಿಮ್ಮ ಪ್ರಾರ್ಥನೆ ಮೇಲಕ್ಕೆ ಮುಟ್ಟಿತೋ ಇಲ್ಲವೋ ಮೇಷ್ಟ್ರೆ, ನಮ್ಮ ಅಂಗಡಿಗಂತೂ ಮುಟ್ಟಿತು ಅಂದರು. ತಲೆ ತಗ್ಗಿಸಿಕೊಂಡು ಬಂದೆ.

ಪ್ರಾರ್ಥನೆ ಕ್ರೈಸ್ತನ ಉಸಿರು ಅನ್ನುತ್ತಾರೆ ನಮ್ಮ ಪಾದ್ರಿಗಳು. ಒಪ್ಪುವ ಮಾತೇ. ಆದರೆ ಆ ಉಸಿರಿನಲ್ಲಿ ನಾವು ತುತ್ತೂರಿ ಊದುತ್ತೇವಲ್ಲ, ಅದಕ್ಕೇನು ಹೇಳೋಣ? ಅತ್ತೆ ದೇವರ ಹತ್ತಿರ ಸೊಸೆಯ ಸೋಮಾರಿತನ ಹೇಳಿಕೊಳ್ಳುತ್ತಾಳೆ, ಸೊಸೆ ಪಕ್ಕದಲ್ಲೇ ಕೂತಿರುವಾಗ. ಚರ್ಚಿನ ಮಾಡು ಸೋರುವುದನ್ನು ಒಬ್ಬರು ದೇವರಿಗೆ ತಿಳಿಸುತ್ತಾರೆ, ಪಾದ್ರಿಗಳ ಕಡೆ ಮುಖ ಮಾಡಿ. ಎದುರಿಗೆ ಹೇಳಿದರೆ ಚಾಡಿ, ಕಣ್ಣು ಮುಚ್ಚಿ ಹೇಳಿದರೆ ಪ್ರಾರ್ಥನೆ. ಇದು ಬೇರೆಯವರ ಮಾತಾಯಿತು. ನನ್ನದು ಇನ್ನೂ ಕಡೆ. ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಪ್ರಾರ್ಥಿಸಬೇಕು ಅಂತ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುವ ಮೇಷ್ಟ್ರು ಯಾರು? ನಾನೇ.

ದೇವದಾಸ ನನ್ನ ಹತ್ತಿರ ಮಾತು ಬಿಟ್ಟ. ಅವತ್ತು ಅವನು ನೆಟ್ಟಗೆ ಹೆಂಡದಂಗಡಿಗೆ ಹೋಗಿದ್ದರೂ ನಾನು ಬಾಯಿ ತೆರೆಯುವ ಹಾಗಿರಲಿಲ್ಲ. ಅವನು ಹೋಗಲಿಲ್ಲ. ಅದೇ ನನಗೆ ಹೆಚ್ಚು ನಾಚಿಕೆ ತಂದಿತು.

ಶನಿವಾರ ಕೃಷ್ಣರಾಜನಗರದ ಬಸ್ಸು ಹತ್ತಿದೆ. ಪೆಟ್ರೋಲಿಲ್ಲದ ಕಾಲ, ಇದ್ದಿಲಿನ ಬಸ್ಸು. ಏರು ಬಂದಾಗೆಲ್ಲ ನಾವು ಇಳಿದು ತಳ್ಳಿದೆವು. ತಳ್ಳುತ್ತಾ ತಳ್ಳುತ್ತಾ ಒಂದು ಒಳ್ಳೆ ಭಾಷಣ ಸಿದ್ಧಮಾಡಿಕೊಂಡೆ. (ಬುದ್ಧಿ ಎಲ್ಲಿ ಹೋಗುತ್ತೆ?)

ಸುಗುಣಳ ಅಣ್ಣ ಜಗಲಿಯ ಮೇಲೆ ಚಾಪೆ ಹಾಕಿಸಿದರು. ತಪ್ಪಾಯಿತು ಅಂತ ನಾನು ಶುರುಮಾಡಿದೆ. ಗುಟ್ಟು ಕಾಯಲಿಲ್ಲ, ಅವನು ಇಪ್ಪತ್ತು ದಿನದಿಂದ ಮುಟ್ಟಿರಲಿಲ್ಲ, ಈಗಲೂ ಮುಟ್ಟಿಲ್ಲ, ಅಂತ ಹೇಳುತ್ತಿದ್ದೆ. ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡು ಸುಗುಣ ಬಾಗಿಲಿಗೆ ಬಂದಳು.

“ಬುಟ್ಟವ್ರಾ?” ಅಂದಳು.

ಹೌದು ಅಂದೆ.

“ಕುಡಿಯೋದು ನಂಗೇನ್ ಒಸದಾ ಮೇಷ್ಟ್ರೆ? ಮದ್ವೆ ಆದಾಗ್ನಿಂದ ಗೊತ್ತು. ಬುಟ್ಟವ್ರೆ ಅನ್ನೋದೇ ಒಸದು. ಅದನ್ಯಾಕೆ ನೀವು ದೇವ್ರಿಗ್ ಏಳ್ನಿಲ್ಲ?”

ಒಂದು ಗಂಟೆ ಪ್ರಾರ್ಥಿಸಿದವನು ನಾನು. ಅವನ ಪಾಪಕ್ಕೆ ಅದರಲ್ಲಿ ಜಾಗ ಇತ್ತು. ಅವನ ಇಪ್ಪತ್ತು ದಿನದ ಹೋರಾಟಕ್ಕೆ ಒಂದು ಸಾಲಿನ ಜಾಗವೂ ಇರಲಿಲ್ಲ. ಆ ಒಂದು ಸಾಲು ಹೇಳಿ ಸ್ತೋತ್ರ ಸಲ್ಲಿಸಿದ್ದರೆ ಆ ಛತ್ರಿ ಹಿಡಿದವರು ಕೂತು ಕಾಫಿ ಕುಡಿಯುತ್ತಿದ್ದರೋ ಏನೋ. ಕುಡಿತದ ಕಥೆಗೆ ಬರುವಷ್ಟು ‘ಆಮೆನ್’ ಕುಡಿತ ಬಿಟ್ಟ ಕಥೆಗೆ ಬರುವುದಿಲ್ಲ ಅಂತ ಒಳಗೆಲ್ಲೋ ನನಗೆ ಗೊತ್ತಿತ್ತೇ?

ಅಣ್ಣ ಒಳಗೆ ತಿರುಗಿ ಕಾಫಿ ಮಾಡಲು ಹೇಳಿದರು. ಮುಂದಿನ ವಾರ ತಂಗಿಯನ್ನೂ ಮಗುವನ್ನೂ ತಾವೇ ಹುಣಸೂರಿಗೆ ತಂದು ಬಿಟ್ಟರು.

ಮೊನ್ನೆ ಬುಧವಾರದ ಸರದಿ ದೇವದಾಸನ ಮನೆಯದು. ಯಾರು ಪ್ರಾರ್ಥಿಸಬೇಕು ಅಂತ ಹೇಳುವುದು ಆ ಮನೆಯವರು, ಅದು ನಮ್ಮಲ್ಲಿ ವಾಡಿಕೆ. ಸುಗುಣ ನನ್ನ ಕಡೆ ತಿರುಗಿ, “ನೀವೇ ಮಾಡಿ ಮೇಷ್ಟ್ರೆ” ಅಂದಳು. ನನಗೆ ಕಣ್ಣು ತುಂಬಿಬಂತು. ಗಂಟಲು ಸರಿಮಾಡಿಕೊಂಡೆ.

“ಮನ್ಸಲ್ಲೇ ಮಾಡಿ” ಅಂದಳು.

ಎಲ್ಲರೂ ಕಣ್ಣು ಮುಚ್ಚಿದರು. ‘ಪರಲೋಕದ ತಂದೆಯೇ’ ಅಂತ ಒಳಗೇ ಶುರುಮಾಡಿದೆ. ಮುಂದಕ್ಕೆ ಹೋಗಲಿಲ್ಲ. ಮಹಾರಾಜರು ಬರಲಿಲ್ಲ, ನಾಲೆಯೂ ಬರಲಿಲ್ಲ. ಇಪ್ಪತ್ತು ವರ್ಷದಿಂದ ಗಂಟೆಗಟ್ಟಲೆ ಪ್ರಾರ್ಥಿಸಿದವನಿಗೆ ಎರಡನೇ ಮಾತು ಸಿಗಲಿಲ್ಲ. ಎಷ್ಟೋ ಹೊತ್ತಿಗೆ ‘ನನ್ನನ್ನು ಕ್ಷಮಿಸು’ ಅಂತ ಬಂತು. ಅಷ್ಟೇ. ಅವತ್ತು ದೀಪ ಹಚ್ಚಬೇಕಾಗಲಿಲ್ಲ.

ಕೇಳುವವರು ಯಾರೂ ಇಲ್ಲದಾಗ ನಿಮ್ಮ ಪ್ರಾರ್ಥನೆ ಎಷ್ಟುದ್ದ ಇರುತ್ತೆ?