ಎರಡು ಮನೆಗೆ ಒಂದು ನಂಬರು

ಡಿಪ್ಲೊಮಾ ಮುಗಿಸಿದ ಮೇಲೆ ನಾನು ಇಂಟರ್‌ಕಾಂ ಅಳವಡಿಸುವ ಸಣ್ಣದೊಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಇಸವಿ ಎರಡು ಸಾವಿರದ ಆಸುಪಾಸು. ಹೆಣ್ಣುಮಗಳೊಬ್ಬಳು ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ನಿಂತರೆ, ಹಿಂದೆ ಇನ್ಯಾರಾದರೂ ಬರುತ್ತಿದ್ದಾರೇನೋ ಎಂದು ಜನ ಇಣುಕಿ ನೋಡುತ್ತಿದ್ದ ಕಾಲ.

ರಾಜೀವನಗರದ ಒಂದು ಕಟ್ಟಡದಲ್ಲಿ ಎರಡು ಸ್ಕೂಟರ್ ಕಳುವಾದ ಮೇಲೆ ಅಲ್ಲಿನವರು ಕೆಳಬಾಗಿಲಿಗೆ ಬೀಗ ಹಾಕಿಸಿ, ಟೆಲಿಫೋನ್ ಪೆಟ್ಟಿಗೆ ಕೂರಿಸಲು ನಮ್ಮನ್ನು ಕರೆಸಿದರು. ಬಂದವರು ಪೆಟ್ಟಿಗೆಯ ಮೇಲೆ ಮನೆ ನಂಬರು ಒತ್ತಿದರೆ ಆ ಮನೆಯ ಫೋನು ಬಡಿದುಕೊಳ್ಳುತ್ತದೆ. ಮನೆಯವರು ಮಾತಾಡಿ, ಒಂಬತ್ತು ಒತ್ತಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಅದಕ್ಕೆ ಎಲ್ಲ ಮನೆಗಳ ಫೋನ್ ನಂಬರನ್ನೂ ಪೆಟ್ಟಿಗೆಯೊಳಗೆ ತುಂಬಬೇಕು. ಆ ಕೆಲಸ ನನ್ನದು.

ನೋಟ್‌ಬುಕ್ ಹಿಡಿದು ಮೆಟ್ಟಿಲು ಹತ್ತಿದೆ. ಒಬ್ಬರು ತಮ್ಮ ನಂಬರನ್ನು ಗುಟ್ಟೆಂಬಂತೆ ಪಿಸುಗುಟ್ಟಿದರು. ಇನ್ನೊಬ್ಬರು ಹೆಂಡತಿಯನ್ನು ಕೂಗಿ ಕೇಳಿ ಹೇಳಿದರು. ಎರಡನೇ ಮಹಡಿಯ 203ರಲ್ಲಿ ರವಿಕೆ ಹೊಲಿಯುವ ಹೆಂಗಸೊಬ್ಬರಿದ್ದರು. ಚಿಕ್ಕಂದಿನಲ್ಲೇ ಪೋಲಿಯೊದಿಂದ ಅವರ ಎಡಗಾಲು ಸೊರಗಿತ್ತು. ಮೋಟರ್ ಕೂರಿಸಿದ ಹೊಲಿಗೆ ಮಿಷನ್ನು ನಿಲ್ಲಿಸಿ, ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಫೋನಿಗೆ ಅರ್ಜಿ ಹಾಕಿವ್ನಿ ಕಣಮ್ಮ, ಇನ್ನೂ ಬಂದಿಲ್ಲ," ಎಂದರು.

"ಹಾಗಾದ್ರೆ ನಿಮ್ಮ ಗಿರಾಕಿಗಳು ಬಂದಾಗ ನೀವೇ ಇಳಿದು ಬಾಗಿಲು ತೆಗೀಬೇಕಾಗುತ್ತೆ," ಎಂದೆ.

ಅವರು ಮೆಟ್ಟಿಲ ಕಡೆ ನೋಡಿದರು. "ದಿನಕ್ಕೆ ಹತ್ತು ಸಲ ಇಳಿದು ಹತ್ತೋದು ನನ್ ಕೈಲಾಗುತ್ತಾ? ಬುಡು, ಬೇರೆ ಮನೆ ನೋಡ್ಕೊಬೇಕು ಅಷ್ಟೆ." ಮೆಲ್ಲಗೇ ಹೇಳಿದರು. ಆದರೆ ಎದುರಿನ 204ರ ಬಾಗಿಲು ಅರ್ಧ ತೆರೆದಿತ್ತು.

204ರಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿ ಒಬ್ಬರೇ ಇದ್ದರು. ಮಿಷನ್ನಿನ ಸದ್ದಿನ ಬಗ್ಗೆ ಅವರು ಕಟ್ಟಡದ ನಿವಾಸಿಗಳ ಸಂಘಕ್ಕೆ ದೂರು ಬರೆದುಕೊಟ್ಟಾಗಿನಿಂದ ಎರಡು ಮನೆಗೂ ಮಾತಿಲ್ಲವೆಂದು ಕೆಳಗಿನ ಮನೆಯವರು ನನಗೆ ಆಗಲೇ ಹೇಳಿದ್ದರು. ಮೇಡಂ ತಮ್ಮ ನಂಬರನ್ನು ಉಕ್ತಲೇಖನ ಕೊಡುವಂತೆ ಒಂದೊಂದೇ ಅಂಕಿ ಬಿಡಿಸಿ ಹೇಳಿದರು. ನಾನು ಹೊರಟಾಗ ಹಿಂದಿನಿಂದ ಕೇಳಿದರು:

"ಎದುರು ಮನೇದು ಏನು ಬರ್ಕೊಂಡೆ?"

"ಅವರಿಗೆ ಫೋನಿಲ್ಲ ಮೇಡಂ. ಖಾಲಿ ಬಿಟ್ಟಿದ್ದೀನಿ."

"ಖಾಲಿ ಬಿಡಬೇಡ. ನಂದೇ ಹಾಕು."

"ನಿಮಗೆ ತೊಂದರೆ ಆಗಲ್ವಾ?"

"ಒಂಬತ್ತು ಒತ್ತೋಕೆ ಏನಮ್ಮ ತೊಂದರೆ? ಅವಳಿಗೆ ಮಾತ್ರ ಹೇಳಬೇಡ."

ಕೆಳಗೆ ಬಂದು 204ಕ್ಕೂ 203ಕ್ಕೂ ಒಂದೇ ನಂಬರನ್ನು ತುಂಬಿದೆ. ಮತ್ತೆ ಮೇಲೆ ಹತ್ತಿ ಹೊಲಿಗೆಯವರಿಗೆ, "ಏನೋ ವ್ಯವಸ್ಥೆ ಮಾಡಿದ್ದೀನಿ, ನಿಮ್ಮ ಗಿರಾಕಿಗಳಿಗೂ ಬಾಗಿಲು ತೆರೆಯುತ್ತೆ," ಎಂದಷ್ಟೇ ಹೇಳಿ ಹೋದೆ. ಅವರ ಕಣ್ಣಿಗೆ ಕಣ್ಣು ಕೊಟ್ಟು ನೋಡಲಾಗಲಿಲ್ಲ.

ಕೆಲವು ತಿಂಗಳಾದ ಮೇಲೆ ಊರಿನ ಫೋನ್ ನಂಬರುಗಳ ಮುಂದೆಲ್ಲ ಹೊಸದಾಗಿ 2 ಎಂಬ ಅಂಕಿ ಸೇರಿಸಿದರು. ಪೆಟ್ಟಿಗೆಯೊಳಗಿನ ನಂಬರುಗಳನ್ನೆಲ್ಲ ಮತ್ತೆ ತುಂಬಬೇಕಾಯಿತು. ಎರಡನೇ ಮಹಡಿಗೆ ಹೋಗಿ 204ರ ಬಾಗಿಲು ತಟ್ಟಿದರೆ, "ಇಲ್ಲಿದ್ದೀನಿ ಬಾರಮ್ಮ," ಎಂಬ ದನಿ ಎದುರು ಮನೆಯಿಂದ ಬಂತು. ಮೇಡಂ ಅಲ್ಲಿ ಚಾಪೆಯ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ರವಿಕೆಗೆ ಹುಕ್ಕು ಹಾಕುತ್ತಿದ್ದರು.

ನನ್ನ ಮುಖ ನೋಡಿ ಹೊಲಿಗೆಯವರಿಗೆ ನಗು ಬಂತು. "ನೀನೂ ಹೇಳ್ಲಿಲ್ಲ, ಇವ್ರೂ ಹೇಳ್ಲಿಲ್ಲ. ಬಂದೋರೆಲ್ಲ, 'ನಿಮ್ಮನೇಲಿ ಯಾರೋ ಟೀಚರಮ್ಮ ಅವ್ರೆ, ಹೆಸರೇನು, ಬಟ್ಟೆ ಕೊಡೋಕ್ ಬಂದ್ರಾ, ಇಸ್ಕೊಳ್ಳೋಕ್ ಬಂದ್ರಾ ಅಂತ ಎಲ್ಲಾ ಕೇಳ್ತಾರೆ' ಅನ್ನೋರು. ಮೂರನೇ ದಿನ ಹೋಗಿ ಬಾಗಿಲು ತಟ್ಟಿದೆ."

"ಏನಂದ್ರಿ?"

"ಅನ್ನೋದೇನ್ ಬಂತು ಕಣಮ್ಮ. ಅತ್ತುಬುಟ್ಟೆ. ಇವ್ರು ಒಳಗೆ ಬಾ ಅಂದ್ರು."

ಮೇಡಂ ತಲೆ ಎತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದರು.

ಕಿಟಕಿಯ ಪಕ್ಕ ಹೊಸ ಫೋನು ಕೂತಿರುವುದನ್ನು ನಾನು ಆಗ ನೋಡಿದೆ. "ಲೈನ್ ಬಂತಲ್ಲ! ಇನ್ನು ನಿಮ್ಮ ನಂಬರೇ ಹಾಕ್ತೀನಿ. ಮೇಡಮ್ಮಿಗೂ ತೊಂದರೆ ತಪ್ಪುತ್ತೆ," ಎಂದೆ.

ಒಳ್ಳೆಯ ಸುದ್ದಿ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. "ಹೌದಲ್ಲ, ಅದೇ ಸರಿ," ಎಂದರು ಮೇಡಂ. ಸೂಜಿ ಹಿಡಿದ ಕೈ ಮಾತ್ರ ನಿಂತುಬಿಟ್ಟಿತ್ತು.

"ಏನ್ ಸರಿ? ಇವ್ರದ್ದು ತೆಗೀಬ್ಯಾಡ," ಎಂದರು ಹೊಲಿಗೆಯವರು. "ನಾನು ಮಿಷನ್ ಓಡಿಸ್ತಿದ್ರೆ ನಂಗೆ ರಿಂಗು ಎಲ್ ಕೇಳ್ಸುತ್ತೆ?"

"ಅದು ನಿಜ ಕಣಮ್ಮ," ಎಂದರು ಮೇಡಂ. "ಆ ಸದ್ದಲ್ಲಿ ಯಾರಿಗೂ ಏನೂ ಕೇಳ್ಸಲ್ಲ." ದೂರಿನ ದನಿಯೇ. ಆದರೆ ಮುಖ ಅರಳಿತ್ತು.

ಕೆಳಗೆ ಹೋಗಿ ಎಲ್ಲ ನಂಬರುಗಳ ಮುಂದೆಯೂ 2 ಸೇರಿಸಿದೆ. 203ರಲ್ಲಿ ಮೇಡಂ ನಂಬರನ್ನೇ ಉಳಿಸಿದೆ. ಎಲ್ಲ ಸರಿಯಾಗಿದೆಯೇ ನೋಡೋಣವೆಂದು 203 ಒತ್ತಿದೆ. ಬಹಳ ಹೊತ್ತು ರಿಂಗಾಯಿತು. ಮೇಡಂ ಎದುರು ಮನೆಯಿಂದ ಎದ್ದು ತಮ್ಮ ಮನೆಗೆ ಬರಬೇಕಲ್ಲ. ಕೊನೆಗೆ ಏದುಸಿರಿನ ದನಿ ಕೇಳಿತು.

"ಯಾರು? ಕೊಡೋಕಾ, ಇಸ್ಕೊಳ್ಳೋಕಾ?"

"ನಾನೇ ಮೇಡಂ. ಟೆಸ್ಟ್ ಮಾಡ್ತಿದ್ದೆ."

"ಟೆಸ್ಟು ಆಯ್ತಲ್ಲ? ಮೇಲೆ ಬಾ. ಅವಳು ಕಾಫಿಗೆ ಹಾಲಿಟ್ಟಿದ್ದಾಳೆ," ಎಂದು ಒಂಬತ್ತು ಒತ್ತಿದರು.