ಉಮ್‌ಸುನ್ ಅತ್ತಿಗೆ ಹೊಲಿದ ನಡುಪಟ್ಟಿ

ನನ್ನ ಅಣ್ಣ ಮುಕಾಶನ ಕಣ್ಣು ಒಂದೇ ದಿನಕ್ಕೆ ಹೋದದ್ದಲ್ಲ. ಮೊದಲು ನಕ್ಷತ್ರಗಳು ಹೋದವು. ಬೇಸಿಗೆಯಲ್ಲಿ ಸೋಂಗ್‌ಕೋಲ್ ಸರೋವರದ ಹುಲ್ಲುಗಾವಲಿಗೆ ಹತ್ತಿದಾಗ, ಮಬ್ಬಾದರೆ ಸಾಕು, ಅವನು ಗುಡಾರದ ಹಗ್ಗಗಳಿಗೆ ಎಡವುತ್ತಿದ್ದ. ಕುದುರೆ ಹಾಲು ಹುಳಿಸಿ ಮಾಡಿದ ಕುಮಿಸ್ ಕುಡಿದದ್ದು ಜಾಸ್ತಿಯಾಯಿತೆಂದು ನಾವು ನಗುತ್ತಿದ್ದೆವು. ಆಮೇಲೆ ಅಂಚುಗಳು ಹೋದವು. ಹಿಂಡಿನ ಕೊನೆಯ ಕುರಿ ಕಾಣದು, ಪಕ್ಕಕ್ಕೆ ಬಂದ ಕುದುರೆ ಕಾಣದು, ನೇರ ಎದುರಿಗಿರುವುದು ಮಾತ್ರ ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ಇದು ರಕ್ತದಲ್ಲೇ ಬಂದದ್ದು, ಔಷಧವಿಲ್ಲ ಎಂದು ಬಿಷ್ಕೆಕ್‌ನ ವೈದ್ಯರು ಹೇಳಿದರು. ಐವತ್ತು ದಾಟುವ ಹೊತ್ತಿಗೆ ಹೆಂಡತಿಯ ಮುಖವೂ ಹೋಯಿತು.

ಹೆಂಡತಿ ಎಂದರೆ ಉಮ್‌ಸುನ್ ಅತ್ತಿಗೆ. ಅವರು ನಮ್ಮಂತೆ ಕುರಿ ಕುದುರೆಗಳ ನಡುವೆ ಬೆಳೆದವರಲ್ಲ. ಬಿಷ್ಕೆಕ್ಕಿಗೆ ಇನ್ನೂ ಹಳೆಯ ಹೆಸರಿದ್ದ ಕಾಲದಲ್ಲಿ ಅಲ್ಲಿ ರೇಡಿಯೋ ಭಾಗಗಳನ್ನು ಜೋಡಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಉಣ್ಣೆ ಮಾರಲು ನಗರಕ್ಕೆ ಹೋದ ಅಣ್ಣ, ಕಾರ್ಖಾನೆಯ ಗೇಟಿನ ಎದುರು ಬಿಳಿ ಟೋಪಿ ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತು ನಿಂತು ಅವರನ್ನು ಒಪ್ಪಿಸಿದ. ಮದುವೆಯಾದ ವರ್ಷವೇ ದೇಶ ಒಡೆಯಿತು, ಕಾರ್ಖಾನೆ ಮುಚ್ಚಿತು. ಅತ್ತಿಗೆ ಸೋಲ್ಡರಿಂಗ್ ಕಡ್ಡಿಯೊಂದನ್ನು ಬಟ್ಟೆಗಂಟಿನೊಳಗೆ ಸುತ್ತಿಕೊಂಡು ನಮ್ಮೂರು ಕೋಚ್ಕೊರಿಗೆ ಬಂದರು. ಬಜಾರಿನಲ್ಲಿ ಮೊದಲು ರೇಡಿಯೋ, ಆಮೇಲೆ ಟೇಪ್‌ರೆಕಾರ್ಡರು, ಆಮೇಲೆ ಮೊಬೈಲು ರಿಪೇರಿ ಮಾಡುತ್ತ ಉಳಿದರು. ಮಕ್ಕಳಾಗಲಿಲ್ಲ. ಕುದುರೆ ಹಾಲಿನ ವಾಸನೆ ಅವರಿಗೆ ಕೊನೆಗೂ ಹಿಡಿಸಲಿಲ್ಲ.

ಕೈ ಮಾತ್ರ ಸುಮ್ಮನಿರದು. ನನ್ನ ಮಗಳ ಮದುವೆಗೆ ಕುಣಿಯುವ ಹೆಂಗಸರ ಟೋಪಿಗಳಿಗೆಲ್ಲ ಪುಟ್ಟ ಪುಟ್ಟ ದೀಪ ಹೊಲಿದಿದ್ದರು. ಹಾಡು ಏರಿದಾಗ ದೀಪವೂ ಏರುವುದು, ಹಾಡು ನಿಂತರೆ ಆರುವುದು. ಹೆಂಗಸರು ದೀಪ ಆರಬಾರದೆಂದು ಹಾಡುವವನನ್ನು ಕೂರಲೇ ಬಿಡಲಿಲ್ಲ. ಮುದುಕಿಯೊಬ್ಬಳು, “ಮುಕಾಶನ ಹೆಂಡ್ತಿಗೆ ಸ್ವಲ್ಪ ಹುಚ್ಚು ಕಣ್ರೇ, ಆದ್ರೆ ಒಳ್ಳೇ ಹುಚ್ಚು” ಎಂದು ನಕ್ಕಿದ್ದಳು.

ಕಣ್ಣು ಹೋದ ಮೇಲೂ ಅಣ್ಣ ಒಂದೆರಡು ಬೇಸಿಗೆ ನಮ್ಮ ಜೊತೆ ಮೇಲೆ ಬಂದ. ಅವನ ಕುದುರೆ ಕೆಂಚಿಯ ಲಗಾಮಿಗೆ ಹಗ್ಗ ಕಟ್ಟಿ, ನನ್ನ ಗಂಡ ಎಸೆನ್ ತನ್ನ ಕುದುರೆಯ ಹಿಂದೆ ಎಳೆದುಕೊಂಡು ಹೋಗುತ್ತಿದ್ದ. ಒಂದು ದಿನ ಅಣ್ಣ ನಡುದಾರಿಯಲ್ಲೇ ಇಳಿದುಬಿಟ್ಟ.

“ಇನ್ನು ಸಾಕು. ಕೊಯ್ಯೋಕೆ ಒಯ್ಯೋ ಕುರೀನ ಹಿಂಗೇ ಎಳ್ಕೊಂಡು ಹೋಗ್ತಾರೆ.”

ಮುಂದಿನ ವರ್ಷದಿಂದ ಅವನು ಬರಲಿಲ್ಲ. ಜೂನ್ ತಿಂಗಳಲ್ಲಿ ಊರಿನ ಲಾರಿಗಳೆಲ್ಲ ಗುಡಾರದ ಕಂಬ, ಕಂಬಳಿ, ಮಕ್ಕಳನ್ನು ಹೇರಿಕೊಂಡು ಹತ್ತುವಾಗ ಅವನು ಮನೆಯ ಗೋಡೆಗೆ ಒರಗಿದ ಬೆಂಚಿನ ಮೇಲೆ ಕೂತು ಲಾರಿಗಳ ಸದ್ದು ಕೇಳುತ್ತಿದ್ದ. ಸೆಪ್ಟೆಂಬರಿನಲ್ಲಿ ನಾನು ಇಳಿದು ಬಂದು ಎದುರು ನಿಂತರೆ, ಮಾತಿಗೆ ಮೊದಲು ನನ್ನ ಕೋಟಿನ ತೋಳು ಹಿಡಿದು ಮೂಗಿಗೆ ಒತ್ತಿಕೊಳ್ಳುತ್ತಿದ್ದ.

“ಈ ಸಲ ಮಳೆ ಚೆನ್ನಾಗಿತ್ತು ಅಲ್ವಾ ಬಾತ್ಮಾ? ಹುಲ್ಲಿನ ವಾಸನೆ ಇನ್ನೂ ಇದೆ.”

ಒಂದು ವರ್ಷ, ಬಾಗಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತ ಅತ್ತಿಗೆ ಅದನ್ನು ನೋಡಿದರು. ಚಹಾ ಕೊಟ್ಟು, ಸೀದಾ ತಮ್ಮ ರಿಪೇರಿ ಅಂಗಡಿಗೆ ಹೋದರು.

ಆ ಚಳಿಗಾಲ ಅವರು ಮಾಡಿದ ಮೊದಲ ವಸ್ತು ಒಂದು ಟೋಪಿ. ಬಾವಲಿಯ ಹಾಗೆ ಕಿವಿಗೆ ಕೇಳದ ಸದ್ದು ಹೊರಡಿಸಿ, ಎದುರಿಗೆ ಗೋಡೆಯೋ ಕಂಬವೋ ಇದ್ದರೆ ಹಣೆಯ ಮೇಲೆ ಗುಂಯ್ ಎನ್ನುವ ಟೋಪಿ. ಹಳೆಯ ಮೊಬೈಲುಗಳನ್ನು ಬಿಚ್ಚಿ, ಅವುಗಳನ್ನು ನಡುಗಿಸುವ ಕಾಳಿನಷ್ಟು ಪುಟ್ಟ ಮೋಟಾರುಗಳನ್ನು ತೆಗೆದು ಅಂಚಿನ, ಉಣ್ಣೆ ಒತ್ತಿ ಮಾಡಿದ ದಪ್ಪ ಒತ್ತುಣ್ಣೆಯೊಳಗೆ ಹೊಲಿದಿದ್ದರು. ಅಣ್ಣ ಅದನ್ನು ಹಾಕಿಕೊಂಡು ಬಜಾರಿನಲ್ಲಿ ಒಂದು ಸುತ್ತು ಹೊಡೆದು ಬಂದು ಬೆಂಚಿನ ಮೇಲೆ ಕೂತ.

“ಏನಾಯ್ತ್ರೀ?”

“ಊರಿಗೆ ಊರೇ ಬಂದು ನನ್ನ ಹಣೆ ಬಡೀತು ಕಣೇ. ಕಲ್ಲಂಗಡಿ ರಾಶೀನೂ ಬಿಡ್ಲಿಲ್ಲ.”

ಕುದುರೆಯ ಮೇಲೆ ಕೂತರಂತೂ ಕೆಂಚಿಯ ತಲೆಯೇ ಎದುರಿಗೆ, ಟೋಪಿ ಬಾಯಿ ಮುಚ್ಚುವಂತಿಲ್ಲ. ಅಣ್ಣ ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಹೇಳಿದ:

“ಎದುರಿಗೆ ಏನಿದೆ ಅಂತ ನನಗೆ ಬೇಡ ಉಮ್‌ಸುನ್. ಕಲ್ಲು, ಗುಂಡಿ, ಹಳ್ಳ ಎಲ್ಲ ಕುದುರೆ ನೋಡ್ಕೊಳ್ಳುತ್ತೆ. ನಮ್ಮ ಗುಡಾರ ಯಾವ ಕಡೆಗಿದೆ ಅಂತ ಗೊತ್ತಾದ್ರೆ ಸಾಕು. ಅದೊಂದು ಗೊತ್ತಿದ್ರೆ ನಾನು ಒಬ್ಬನೇ ಹೋಗ್ಬಲ್ಲೆ.”

ಆ ‘ಒಬ್ಬನೇ’ ಎಂಬ ಮಾತನ್ನು ಅವನು ಹೇಳಿದ ರೀತಿ ನನಗೆ ಇಂದಿಗೂ ಕಿವಿಯಲ್ಲಿದೆ. ಹಸಿದವನು ಅನ್ನದ ಹೆಸರು ಹೇಳಿದಂತಿತ್ತು.

ನಡುಪಟ್ಟಿ ಹುಟ್ಟಿದ್ದು ಹೀಗೆ. ಅಗಲವಾದ ಒತ್ತುಣ್ಣೆಯ ಪಟ್ಟಿ, ಅದರ ಸುತ್ತ ಆ ಪುಟ್ಟ ಮೋಟಾರುಗಳು, ಒಂದು ಜಿಪಿಎಸ್ ಚಿಪ್, ಒಂದು ದಿಕ್ಸೂಚಿ ಚಿಪ್, ಫೋನಿನ ಬ್ಯಾಟರಿ. ಮನೆ ಎಡಗಡೆಗಿದ್ದರೆ ಎಡ ಪಕ್ಕೆಯಲ್ಲಿ ಗುಂಯ್, ಬೆನ್ನ ಹಿಂದಿದ್ದರೆ ಬೆನ್ನಲ್ಲಿ ಗುಂಯ್. ಹೇಳುವುದು ಸುಲಭ. ಅತ್ತಿಗೆಗೆ ಬೆಸುಗೆ ಗೊತ್ತಿತ್ತೇ ಹೊರತು ಪ್ರೋಗ್ರಾಂ ಬರೆಯುವುದು ಗೊತ್ತಿರಲಿಲ್ಲ. ರಷ್ಯನ್ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತ, ಕನ್ನಡಕವನ್ನು ಹಣೆಗೇರಿಸಿ ಇಳಿಸುತ್ತ ಕಲಿತರು. ಬೇಕಾದ ಸಾಮಾನು ನಗರದಿಂದ ಟ್ಯಾಕ್ಸಿಯವರ ಕೈಯಲ್ಲಿ ಬರುತ್ತಿತ್ತು.

ಮೋಟಾರಿನೊಳಗಿನ ಅಯಸ್ಕಾಂತದ ಹತ್ತಿರ ದಿಕ್ಸೂಚಿಗೆ ದಿಕ್ಕು ತಪ್ಪುವುದೆಂದು ಮೊದಲು ಅದನ್ನು ಟೋಪಿಯ ತುದಿಗೆ ಹೊಲಿದರು. ಊರಾಚೆಯ ಹೊಲದಲ್ಲಿ ಅಣ್ಣನನ್ನು ನಡೆಯಲು ಬಿಟ್ಟೆವು. ಚೆನ್ನಾಗಿಯೇ ಬರುತ್ತಿದ್ದ. ಅಷ್ಟರಲ್ಲಿ ಯಾರೋ ದೂರದಿಂದ ಸಲಾಂ ಹೇಳಿದರು. ಅಣ್ಣ ಮರ್ಯಾದೆಯಿಂದ ಆ ಕಡೆ ತಲೆ ತಿರುಗಿಸಿದ, ತಲೆಯ ಜೊತೆ ದಿಕ್ಸೂಚಿಯೂ ತಿರುಗಿತು, ಕುತ್ತಿಗೆ ಅತ್ತಲೇ ಇಟ್ಟು ಮಾತಾಡುತ್ತ ನಡೆದವನು ಸೀದಾ ಕಾಲುವೆಗೆ ಇಳಿದ.

ಎಸೆನ್ ಬಿದ್ದು ಬಿದ್ದು ನಕ್ಕ. “ಭಾವ, ಅಕ್ಕ ರಿಮೋಟು ತಪ್ಪು ಒತ್ತಿದ್ರು ಅಂತ ಕಾಣುತ್ತೆ!”

“ನಗು, ನಗು. ನಿನ್ನ ಹೆಂಡ್ತಿ ರಿಮೋಟಿಲ್ಲದೇನೇ ನಿನ್ನ ತಿರುಗಿಸ್ತಾಳೆ” ಎಂದ ಅಣ್ಣ, ಬೂಟಿನಿಂದ ನೀರು ಸುರಿಸುತ್ತ.

ದಿಕ್ಸೂಚಿ ಆಮೇಲೆ ಒಳಗಿನ ತೋಳಿಲ್ಲದ ಕೋಟಿನ ಬೆನ್ನಿಗೆ, ಎರಡು ಹೆಗಲುಗಳ ನಡುವೆ ಹೋಗಿ ಕೂತಿತು. ಅದರ ಕಬ್ಬಿಣ ದಿಕ್ಸೂಚಿಯನ್ನು ಕೆಡಿಸದಿರಲೆಂದು ಚಾಕು ಸೊಂಟದಿಂದ ಬೂಟಿನೊಳಕ್ಕೆ ಇಳಿಯಿತು.

ಜೂನಿನಲ್ಲಿ ಇಬ್ಬರೂ ನಮ್ಮ ಜೊತೆ ಲಾರಿ ಹತ್ತಿದರು. ಗುಡಾರ ನಿಂತ ಮೇಲೆ ಅತ್ತಿಗೆ ಅಣ್ಣನನ್ನು ಬಾಗಿಲಲ್ಲಿ ನಿಲ್ಲಿಸಿ, ಪಟ್ಟಿಯ ಗುಂಡಿ ಒತ್ತಿ, “ಇದೇ ಮನೆ. ನೆನಪಿರ್ಲಿ” ಎಂದರು. ಹೇಳಿದ್ದು ಪಟ್ಟಿಗೋ ಗಂಡನಿಗೋ ತಿಳಿಯಲಿಲ್ಲ. ಅಣ್ಣ ಕೆಂಚಿಯ ಬೆನ್ನೇರಿ ಕೂತ.

“ಹೇಗಿದೆ?” ಅತ್ತಿಗೆ ಕೇಳಿದರು.

“ಬೆನ್ನ ಮೇಲೆ ಯಾರೋ ಕೈ ಇಟ್ಟಂಗಿದೆ.”

ಅತ್ತಿಗೆ ಮುಖ ಕೆಂಪೇರಿಸಿಕೊಂಡು ನನ್ನ ಕಡೆ ನೋಡಲಿಲ್ಲ. ಅಣ್ಣ ಹೊರಟ. ದಿನ್ನೆ ಹತ್ತಿದ, ದಿನ್ನೆಯಾಚೆ ಇಳಿದ, ಕಾಣದಾದ. ನಾವೆಲ್ಲ ಒಲೆಯ ಕೆಲಸ ಬಿಟ್ಟು ನಿಂತಿದ್ದೆವು. ಬ್ರೆಡ್ಡು ಸೀದ ವಾಸನೆ ಬಂದಾಗಲೂ ಯಾರೂ ಕದಲಲಿಲ್ಲ. ಆಮೇಲೆ ಅದೇ ದಿನ್ನೆಯ ಮೇಲೆ ಬಿಳಿ ಟೋಪಿ ಮೂಡಿತು. ನೇರ ನಮ್ಮ ಕಡೆಗೇ ಬರುತ್ತಿತ್ತು. ಎಸೆನ್, ಅಷ್ಟೆಲ್ಲ ಗೇಲಿ ಮಾಡಿದವನು, ಗುಡಾರದ ಹಿಂದಕ್ಕೆ ಹೋಗಿ ಕಣ್ಣೊರೆಸಿಕೊಂಡು ಬಂದ.

ಆಮೇಲಿನ ದಿನಗಳಲ್ಲಿ ಅಣ್ಣ ಮನೆಯಲ್ಲಿ ನಿಲ್ಲಲೇ ಇಲ್ಲ. ಚಹಾ ಕುಡಿದು, ಒಣಮೊಸರಿನ ಉಂಡೆ ಜೇಬಿಗೆ ಹಾಕಿಕೊಂಡು ಹೋದರೆ ಸಂಜೆಗೇ ಬರುವುದು. ಅತ್ತಿಗೆ ನಗರದವರು, ಅಲ್ಲಿ ಅವರಿಗೆ ಮಾಡಲು ಏನೂ ಇರಲಿಲ್ಲ. ಹಾಲು ಕರೆಯಲು ಬಾರದು, ಕುದುರೆ ಎಂದರೆ ಭಯ. ಗುಡಾರದ ಮುಂದೆ ಕೂತು ದಿನ್ನೆ ನೋಡುವುದೇ ಕೆಲಸವಾಯಿತು.

“ನೋಡು ಬಾತ್ಮಾ, ಕಣ್ಣಿಲ್ಲದ ಮೇಲೆ ಇಷ್ಟು ವರ್ಷ ನನ್ನ ಕೈ ಹಿಡ್ಕೊಂಡೇ ಓಡಾಡಿದ್ರು,” ಎಂದರು ಒಮ್ಮೆ. “ಈಗ ಕೈ ಬಿಡಿಸಿಕೊಟ್ಟೋಳು ನಾನೇ.”

ಆಗಸ್ಟಿನ ಒಂದು ಮಧ್ಯಾಹ್ನ ಸರೋವರದ ಕಡೆಯಿಂದ ಮೋಡ ಇಳಿದು ಆಲಿಕಲ್ಲು ಸುರಿಯಿತು. ಅಣ್ಣ ಬರಲಿಲ್ಲ. ಮಳೆ ನಿಂತಿತು, ಬಿಸಿಲು ಬಂತು, ಬಿಸಿಲೂ ಓರೆಯಾಯಿತು. ಬ್ಯಾಟರಿ ಒದ್ದೆಯಾಗಿರಬೇಕು, ನಾನು ಮೇಣದ ಬಟ್ಟೆ ಇನ್ನೊಂದು ಸುತ್ತು ಸುತ್ತಬೇಕಿತ್ತು ಎಂದು ಅತ್ತಿಗೆ ಅದನ್ನೇ ಹೇಳುತ್ತಿದ್ದರು. ಎಸೆನ್ ಹುಡುಕಲು ಜೀನು ಬಿಗಿಯುತ್ತಿದ್ದಾಗ ದಿನ್ನೆಯ ಪಕ್ಕದಿಂದ, ಎಂದೂ ಬರದ ಕಡೆಯಿಂದ, ಕೆಂಚಿ ತಲೆ ತಗ್ಗಿಸಿ ನಡೆದು ಬಂತು. ಲಗಾಮು ಸಡಿಲ. ಅಣ್ಣ ಮೈಯೆಲ್ಲ ತೊಯ್ದು ತೊಪ್ಪೆ, ಏನೋ ಗುನುಗುತ್ತಿದ್ದ.

ಅತ್ತಿಗೆ ಓಡಿಹೋಗಿ ಅವನ ಸೊಂಟ ಮುಟ್ಟಿದರು. ಪಟ್ಟಿ ಸುಮ್ಮನಿತ್ತು. ಕೈತಪ್ಪಿ ಆರದಿರಲೆಂದು ಗುಂಡಿಯ ಮೇಲೆ ಅವರು ಹಾಕಿದ್ದ ಹೊಲಿಗೆಯನ್ನು ಯಾರೋ ಚಾಕುವಿನಿಂದ ಕೊಯ್ದಿದ್ದರು.

“ನೀವೇ ಆರಿಸಿದ್ರಾ?”

“ಹೂಂ.”

“ಯಾಕ್ರೀ? ನೀವು ದಾರಿ ತಪ್ಪಬಾರ್ದು ಅಂತ ತಾನೇ ನಾನು ಒಂದು ಚಳಿಗಾಲ ಪೂರ್ತಿ ಕೂತಿದ್ದು?”

ಅಣ್ಣ ಕುದುರೆಯಿಂದ ಇಳಿದ. ಕೆಂಚಿಯ ಕುತ್ತಿಗೆಗೆ ಕೈಯೂರಿ ನಿಂತ.

“ದಾರಿ ತಪ್ಪಿ ಎಷ್ಟು ವರ್ಷ ಆಗಿತ್ತು ಗೊತ್ತಾ ಉಮ್‌ಸುನ್? ಕೋಚ್ಕೊರಲ್ಲಿ ಬೆಂಚಿಂದ ಬಾಗಿಲು, ಬಾಗಿಲಿಂದ ಒಲೆ. ಜಗತ್ತೆಲ್ಲ ನನ್ನ ಕೈಗೆ ಎಟಕುವಷ್ಟೇ ಆಗಿಬಿಟ್ಟಿತ್ತು. ಇವತ್ತು ಇದನ್ನ ಆರಿಸಿ, ಕೆಂಚೀನ ಗಿರಗಿರ ತಿರುಗಿಸ್ದೆ. ಸರೋವರ ಎಲ್ಲಿ, ನೀನೆಲ್ಲಿ, ಒಂದೂ ಗೊತ್ತಾಗ್ಲಿಲ್ಲ. ಆಗ ಬೆಟ್ಟ ದೊಡ್ಡದಾಯ್ತು ಕಣೇ. ಚಿಕ್ಕವನಿದ್ದಾಗ ಎಷ್ಟು ದೊಡ್ಡದಿತ್ತೋ ಅಷ್ಟು.”

ಅತ್ತಿಗೆ ಒದ್ದೆ ಬಟ್ಟೆ ಬಿಚ್ಚಿಸಿ, ಚಹಾ ಕೊಟ್ಟು, ಬೆನ್ನು ತಿರುಗಿಸಿ ಕೂತರು.

ಮರುದಿನ ಬೆಳಗ್ಗೆ ಅವರು ಪಟ್ಟಿಯ ಹೊಲಿಗೆ ಬಿಚ್ಚುತ್ತಿದ್ದರು. ಇನ್ನು ಇದರ ಕತೆ ಮುಗಿಯಿತು ಎಂದುಕೊಂಡೆ. ನೋಡಿದರೆ ಗುಂಡಿಯನ್ನು ಒಳಗಿನಿಂದ ತೆಗೆದು ಮುಂದಕ್ಕೆ, ಅಣ್ಣನ ಬಲಗೈ ಸುಲಭವಾಗಿ ಹೋಗುವ ಕಡೆಗೆ ತರುತ್ತಿದ್ದರು. ಬೆರಳಿಗೆ ತಿಳಿಯಲೆಂದು ತಮ್ಮ ಕೋಟಿನ ದೊಡ್ಡ ಗುಂಡಿಯೊಂದನ್ನು ಕಿತ್ತು ಅದರ ಮೇಲೆ ಕೂರಿಸಿದರು.

“ಆರಿಸ್ಕೊಳ್ಳಲಿ,” ಎಂದರು ದಾರ ಕಚ್ಚಿ ತುಂಡರಿಸುತ್ತ. “ನನಗೂ ಗೊತ್ತು ಅದು. ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಕೆಲಸ ಮುಗಿದ ಮೇಲೆ ಯಾವುದೋ ಟ್ರಾಲಿಬಸ್ ಹತ್ತಿ, ಹೆಸರೇ ಗೊತ್ತಿಲ್ಲದ ಕಡೆ ಇಳೀತಿದ್ದೆ. ಸುಮ್ನೆ. ಇಲ್ಲಿಗೆ ಬಂದ್ಮೇಲೆ ಎಲ್ಲಿ ಹೋದ್ರೂ ಯಾರಾದ್ರೂ ‘ಮುಕಾಶನ ಹೆಂಡ್ತಿ, ಎಲ್ಲಿಗೆ?’ ಅಂತಾರೆ.”

ಅಷ್ಟು ವರ್ಷಗಳಲ್ಲಿ ನಗರದ ಬಗ್ಗೆ ಅವರು ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು. ಉದ್ದನೆಯ ಮೇಜು, ಒಂದೇ ಸಾಲಿನಲ್ಲಿ ಕೂತ ಹುಡುಗಿಯರು, ಬೆಸುಗೆಯ ರಾಳದ ಹೊಗೆ, ಕಿಟಕಿಯಾಚೆಯ ಪಾಪ್ಲರ್ ಮರಗಳು. ಹೇಳುತ್ತ ಹೇಳುತ್ತ ಸೂಜಿ ಹಿಡಿದ ಕೈ ನಿಂತುಹೋಗಿತ್ತು.

ಅಣ್ಣ ಇನ್ನೂ ಕೆಲವು ಬೇಸಿಗೆ ಹಾಗೆ ಸವಾರಿ ಮಾಡಿದ. ಒಂದು ಶರತ್ಕಾಲದಲ್ಲಿ ಇಬ್ಬರೂ ಬಿಷ್ಕೆಕ್ಕಿಗೆ ಹೋಗಿ ಬಂದರು. ಕಾರ್ಖಾನೆ ಇದ್ದ ಕಡೆ ಸೋಫಾ, ಬೀರು ಮಾರುತ್ತಿದ್ದರಂತೆ. ಅಣ್ಣ ಅತ್ತಿಗೆಯ ಕೈ ಹಿಡಿದು ಸೋಫಾಗಳ ನಡುವೆ ನಡೆಯುತ್ತ, “ನಿನ್ನ ಮೇಜು ಎಲ್ಲಿತ್ತು? ಇಲ್ಲೇನಾ?” ಎಂದು ಕೇಳುತ್ತ ಹೋದನಂತೆ. ಅತ್ತಿಗೆಗೆ ಗುರುತು ಸಿಗಲಿಲ್ಲ. ಆದರೂ ಒಂದು ಕಡೆ ನಿಂತು, “ಹೂಂ, ಇಲ್ಲೇ” ಅಂದರಂತೆ.

ಮಾರ್ಚಿನಲ್ಲಿ, ಹಿಮ ಇನ್ನೂ ಕರಗದಿದ್ದಾಗ, ಅಣ್ಣನ ಎದೆಬಡಿತ ನಿಂತಿತು. ಆ ವರ್ಷವೂ ಮರುವರ್ಷವೂ ಅತ್ತಿಗೆ ಮೇಲೆ ಬರಲಿಲ್ಲ. ಅಂಗಡಿಯಲ್ಲಿ ಕೂತು, ಕಿವಿ ಕೇಳದ ಬಾಣಂತಿಯೊಬ್ಬಳಿಗೆ ಮಗು ಅತ್ತರೆ ಮಣಿಕಟ್ಟಿನಲ್ಲಿ ನಡುಗುವ ಪಟ್ಟಿ ಮಾಡಿಕೊಟ್ಟರು. ಅವಳು ಆಗಾಗ ಬಂದು, ಮಗುವಿನ ಅಳು ಹೇಗಿರುತ್ತದೆ, ಗಟ್ಟಿಯೋ ಸಣ್ಣಗೋ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದಳು. ಅತ್ತಿಗೆ ತಮಗೆ ಬಂದ ಹಾಗೆ ಕೈಯಾಡಿಸಿ ತೋರಿಸುತ್ತಿದ್ದರು.

ಆ ನಡುವಿನ ಚಳಿಗಾಲದಲ್ಲಿ ಒಮ್ಮೆ ಅವರನ್ನು ತಬ್ಬಿಕೊಂಡಾಗ ಕೋಟಿನೊಳಗೆ ಏನೋ ಗುಂಯ್ ಎನ್ನುತ್ತಿತ್ತು. ನಾನು ಹಿಂದೆ ಸರಿದೆ.

“ಬ್ಯಾಟರಿ ಸುಮ್ನೆ ಇಟ್ರೆ ಕೆಟ್ಟುಹೋಗುತ್ತೆ,” ಎಂದರು. “ಅದಕ್ಕೇ ಆಗಾಗ ಹಾಕ್ಕೋತೀನಿ.”

ನಾನು ಹೂಂ ಎಂದೆ.

ಹೋದ ಬೇಸಿಗೆ ಅವರಾಗಿಯೇ ಲಾರಿ ಹತ್ತಿದರು. ಮೇಲೆ ಬಂದು ಮೂಗು ಮುಚ್ಚಿಕೊಂಡೇ ಹಾಲಿನ ತೊಗಲುಚೀಲದ ಪಕ್ಕ ಮಲಗಿದರು. ಒಂದು ಬೆಳಗ್ಗೆ ಎಸೆನ್‌ನನ್ನು ಕರೆದು, ಎಲ್ಲಕ್ಕಿಂತ ಸಾಧು ಕುದುರೆಗೆ ಜೀನು ಹಾಕು ಎಂದರು. ಅವನು ಹಗ್ಗ ಹಿಡಿಯಲು ಬಂದರೆ ಬೇಡವೆಂದರು. ಮೂಟೆಯ ಹಾಗೆ ಕೂತು, ಎರಡೂ ಕೈಯಲ್ಲಿ ಜೀನಿನ ಮುಂಬದಿಯನ್ನು ಬಿಗಿಯಾಗಿ ಹಿಡಿದು, ದಿನ್ನೆಯ ಕಡೆ ಹೋದರು. ನಾನು ಹಿಟ್ಟು ನಾದಿ ಮುಗಿಸುವಷ್ಟರಲ್ಲಿ ತಿರುಗಿ ಬಂದರು.

“ಎಷ್ಟು ದೂರ ಹೋದ್ರಿ ಅತ್ತಿಗೆ?”

“ಹಿಂದೆ ಗುಡಾರ ಕಾಣ್ತಿರೋವರೆಗೆ. ಆಚೆಗೆ ಆಗ್ಲಿಲ್ಲ ಕಣೆ, ಕುದುರೆ ತಿರುಗಿಸ್ಬಿಟ್ಟೆ.” ಇಳಿದು ನಿಂತು ದಿನ್ನೆಯನ್ನೇ ನೋಡಿದರು. “ನಿಮ್ಮಣ್ಣ ಅದು ಹೆಂಗೆ ಹೋಗ್ತಿದ್ರೋ, ಅಷ್ಟು ದೂರ. ಕೇಳ್ಬೇಕಿತ್ತು ನಾನು.”