ಮೇಲಿನ ಸ್ವರದ ನಡುಕ

ನಮ್ಮೂರು ಸುವಾನಿಯಲ್ಲಿ, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ನಲ್ಲಿ, ಪಕ್ಕದ ಮನೆಯ ಅಂಕಲ್‌ ದನಿಯನ್ನು ಅವರ ಮುಂದೆಯೇ ಅಣಕಿಸಿ ತೋರಿಸಿದ ಕೋತಿ ನಾನೇ. ಅವರು ಹಾಡಿನಲ್ಲೇ ನಡೆಯುವ ನಾಟಕ ಆಪೆರಾದಲ್ಲಿ ಬ್ಯಾರಿಟೋನ್, ಅಂದರೆ ತಗ್ಗಿದ ಗಂಡುದನಿಯ ಗಾಯಕರು. "ಹೀರೋಯಿನ್ ನಮಗೆ ಸಿಗಲ್ಲಪ್ಪ, ನಾವು ಅವಳ ಅಪ್ಪ, ಇಲ್ಲ ವಿಲನ್" ಅನ್ನುವುದು ಅವರ ಪಲ್ಲವಿ. ಕೋವಿಡ್‌ನಲ್ಲಿ ಥಿಯೇಟರ್‌ಗಳು ಮುಚ್ಚಿದ ಮೇಲೆ ಅವರು ಒಂದು ಕಡೆ ಕೂತಿದ್ದನ್ನೇ ನಾನು ನೋಡಿಲ್ಲ. ಬಿಸಿನೀರಿನ ಫ್ಲಾಸ್ಕ್ ಹಿಡಿದು, ಗುನುಗುತ್ತಾ, ಡ್ರೈವ್‌ವೇಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಈಗ ಥಿಯೇಟರ್ ತೆರೆದಿತ್ತು. ಮೊದಲ ಆಡಿಷನ್‌ಗೆ ಮರುದಿನವೇ ಶಾರ್ಲೆಟ್ ನಗರಕ್ಕೆ ಹೊರಡುವವರಿದ್ದರು.

ನಾನು ಅವರ ಫ್ಲಾಸ್ಕನ್ನೇ ಎತ್ತಿಕೊಂಡು, ಅವರಂತೆ ನಡೆದು, ಮೇಲಿನ ಸ್ವರಕ್ಕೆ ಏರಿ ದನಿ ನಡುಗಿಸಿದೆ. ಎಲ್ಲರೂ ನಕ್ಕರು. ಅಂಕಲ್ ನಗಲಿಲ್ಲ.

"ಆ ನಡುಕ ನನ್ನದಾ?"

"ಇಲ್ಲ ಅಂಕಲ್, ಎಲ್ಲರೂ ನಗಲಿ ಅಂತ ನಾನೇ ಸೇರಿಸಿದ್ದು."

"ಸುಳ್ಳು ಹೇಳ್ಬೇಡ ಕಣೋ. ಸ್ವಂತದ್ದು ಸೇರಿಸೋ ಅಷ್ಟು ತಲೆ ನಿನಗೆಲ್ಲಿದೆ?"